ಧನುರ್ಮಾಸದಲ್ಲಿ ಬಿಟ್ಟುಕೊಟ್ಟ ಬಿಳಿ ಕಾರು

ಆ ಭಾನುವಾರ ಮಧ್ಯಾಹ್ನ ಅಡುಗೆಮನೆಯ ನೆಲದ ಮೇಲೆ ಕೂತು ಅವರೆಕಾಳು ಹಿದುಕುತ್ತಿದ್ದೆ. ಹಿಂದಿನ ದಿನವೇ ನೆನೆಹಾಕಿದ್ದ ಕಾಳು. ಎರಡು ಬೆರಳಲ್ಲಿ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ. ಸಂಕ್ರಾಂತಿ ಕಳೆದು ಇನ್ನೂ ವಾರ ಆಗಿರಲಿಲ್ಲ. ನಡುಮನೆಯಲ್ಲಿ ಫೋನು ಬಡಿದುಕೊಂಡಿತು. ನಮ್ಮ ಯಜಮಾನರು ಎತ್ತಿ, "ನಿಮ್ಮ ಮ್ಯಾನೇಜರ್ರು ಕಣಮ್ಮಿ, ಬಾ" ಎಂದು ಕೂಗಿದರು. ಸೆರಗಿಗೆ ಕೈ ಒರೆಸಿಕೊಂಡು ಹೋದೆ.

"ಜಯಮ್ಮನವರೇ, ಬರಬೇಕಾಗಿದ್ದ ಕಾರುಗಳ ಲೋಡು ಬರಲ್ಲ," ಅಂದರು ನಾಗರಾಜ್ ಸಾರು. "ಸ್ಟೇರಿಂಗ್ ಸಾಮಾನು ಕಳಿಸೋ ಫ್ಯಾಕ್ಟರೀಲಿ ಕೆಲಸ ನಿಂತುಹೋಗಿದ್ಯಂತೆ. ಅದಿಲ್ಲದೆ ನಮ್ಮ ಕಂಪನಿಯವರೂ ಕಾರು ಮಾಡೋದು ನಿಲ್ಲಿಸಿದಾರೆ. ಯಾವಾಗ ಶುರುವಾಗತ್ತೋ ಯಾರಿಗೂ ಗೊತ್ತಿಲ್ಲ. ಬುಕ್ಕಿಂಗ್ ಮಾಡಿರೋರು ಕೇಳಿದ್ರೆ ಮುಂದಿನ ವಾರ ಅಂದುಬಿಡಿ."

ರಿಸೀವರ್ ಇಟ್ಟೆ. ಅದಕ್ಕೂ ಅವರೆಯ ಸೊಗಡು ಹತ್ತಿಕೊಂಡಿತ್ತು. ಬುಕ್ಕಿಂಗ್ ಪುಸ್ತಕದಲ್ಲಿ ಹನ್ನೊಂದು ಹೆಸರುಗಳಿದ್ದವು. ನನ್ನ ಎದೆಯಲ್ಲಿ ಕೂತದ್ದು ಒಂದೇ ಹೆಸರು, ಹೊಂಗನೂರಿನ ಶಿವಲಿಂಗಣ್ಣ. ಏಕೆಂದರೆ ಅವನ ಕಾರು ಡಿಸೆಂಬರಿನಲ್ಲೇ ಬಂದು ನಮ್ಮ ಶೋರೂಮಿನ ಅಂಗಳದಲ್ಲಿ ನಿಂತಿತ್ತು. ಅದನ್ನು ಬೇರೆಯವರಿಗೆ ಬಿಟ್ಟುಕೊಟ್ಟವಳು ನಾನು.

ಈಗ ಶೋರೂಮು ಸೇರುವ ಹೆಣ್ಣುಮಕ್ಕಳು ನನ್ನನ್ನು ಕೇಳುತ್ತಾರೆ: "ಅಮ್ಮ, ನೀವು ಕಂಪ್ಯೂಟರ್ ಇಲ್ದೆ ಎಂಗ್ ಮಾಡ್ತಿದ್ರಿ?" ನನಗೆ ಯಾವಾಗ ಸಂಬಳ ಹೆಚ್ಚಾಯಿತು, ಯಾವಾಗ ಕುರ್ಚಿ ಬದಲಾಯಿತು ಎನ್ನುವುದನ್ನು ಕಟ್ಟಿಕೊಂಡು ಅವರಿಗೇನೂ ಆಗಬೇಕಿಲ್ಲ. ಅದಕ್ಕೇ ಜನರನ್ನು ಕಾಯಿಸುವ ಕೆಲಸದ ಬಗ್ಗೆ ಬರೆಯುತ್ತಿದ್ದೇನೆ. ಕಾರು ಮಾರುವುದು ಸುಲಭ. ಕಾರಿಲ್ಲದಾಗ ಕಾಯುವವರ ಮುಖ ನೋಡುವುದು ಕಷ್ಟ.

ನಾನು ಮನೆ ನಡೆಸಿಕೊಂಡಿದ್ದ ಹೆಂಗಸು. ಈಗಲೂ ಹಾಗೇ ಹೇಳಿಕೊಳ್ಳುತ್ತೇನೆ. ಬಿಡದಿಯ ಸುತ್ತ ಹೊಲಗಳಲ್ಲಿ ಶೆಡ್ಡುಗಳು ಎದ್ದು, ರಾಮನಗರದ ಹೆದ್ದಾರಿಯಲ್ಲಿ ಒಂದರ ಪಕ್ಕ ಒಂದು ಶೋರೂಮು ಬರುತ್ತಿದ್ದ ಕಾಲ. ನಮ್ಮ ಮನೆಯ ಹಿಂದಿನ ಬೀದಿ ದಾಟಿದರೆ ಒಂದು ಕಾರಿನ ಶೋರೂಮು ತೆರೆದರು. ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕಲು, ಹೊಸ ಕಾರಿಗೆ ಪೂಜೆ ಮಾಡಿ ಕೊಡಲು ಒಬ್ಬ ಮುತ್ತೈದೆ ಬೇಕೆಂದು ಕೇಳಿದ್ದರು. ಅರಿಶಿನ ಕುಂಕುಮದ ಕೆಲಸ ತಾನೇ ಎಂದು ಹೋದೆ. ಮಗಳು ಮದುವೆಯಾಗಿ ಕನಕಪುರ ಸೇರಿದ್ದಳು. ಮನೆಯಲ್ಲಿ ಇಬ್ಬರೇ.

ಮೊದಲ ವಾರವೇ ಒಂದು ಎಡವಟ್ಟು ಮಾಡಿದೆ. ಕರ್ಪೂರವನ್ನು ತಟ್ಟೆಯಲ್ಲಿಡದೆ, ಮನೆದೇವರ ಕಲ್ಲಿನ ಮುಂದೆ ಹಚ್ಚಿದ ಹಾಗೆ ಕಾರಿನ ಮೂತಿಯ ಮೇಲೇ ಹಚ್ಚಿದೆ. ಎಂಟಾಣೆ ಅಗಲಕ್ಕೆ ಬಣ್ಣ ಸುಟ್ಟು ಗುಳ್ಳೆ ಎದ್ದಿತು. ಕಾರಿನ ಯಜಮಾನ ಆ ಗುಳ್ಳೆಯ ಮೇಲೆ ಬೆರಳಾಡಿಸಿದ. ಅವನ ತಾಯಿ ಮಾತ್ರ, "ದೃಷ್ಟಿಬೊಟ್ಟು ಅನ್ಕೋ ಬುಡ್ಲಾ" ಎಂದು ಮಗನ ಬೆನ್ನು ತಟ್ಟಿದಳು. ಆ ತಾಯಿಯ ಬಾಯಲ್ಲಿ ದೇವರೇ ಮಾತಾಡಿದ. ಇಲ್ಲದಿದ್ದರೆ ನನ್ನ ಉದ್ಯೋಗ ಆ ವಾರಕ್ಕೇ ಮುಗಿಯುತ್ತಿತ್ತು.

ಪೂಜೆಗೆ ಬಂದವರು ನನ್ನ ಹತ್ತಿರವೇ ಮಾತಿಗೆ ನಿಲ್ಲುತ್ತಿದ್ದರು. ಟೈ ಕಟ್ಟಿದ ಹುಡುಗರ ಹತ್ತಿರ ಕೇಳಲು ಹಿಂಜರಿಯುವ ಹೆಂಗಸರು, "ಅಕ್ಕ, ನಮ್ದು ಯಾವಾಗ ಬತ್ತದೆ?" ಎಂದು ನನ್ನ ಸೆರಗು ಹಿಡಿದು ಕೇಳುತ್ತಿದ್ದರು. ಅದನ್ನು ನೋಡಿದ ನಾಗರಾಜ್ ಸಾರು ಬುಕ್ಕಿಂಗ್ ಪುಸ್ತಕವನ್ನೇ ನನ್ನ ಕೈಗೆ ಕೊಟ್ಟರು. ಅವರು ಬೆಂಗಳೂರಿನವರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಸಿಡುಕು ಜಾಸ್ತಿ. ಆದರೆ ಒಂದು ಸಲ ಬೈದದ್ದನ್ನು ಮರುದಿನಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ. ಮೇಲಿನವರಲ್ಲಿ ಅದು ದೊಡ್ಡ ಗುಣ.

ಇನ್ನು ಶಿವಲಿಂಗಣ್ಣ. ಹದಿನೈದು ವರ್ಷ ಒಬ್ಬ ರೇಷ್ಮೆ ವ್ಯಾಪಾರಿಯ ಕಾರು ಓಡಿಸಿದವನು. ಇನ್ನೊಬ್ಬರ ಕಾರನ್ನು ತೊಳೆದೂ ತೊಳೆದೂ ಅವನ ಉಗುರು ಬೆಳ್ಳಗಾಗಿದ್ದವು. ಬಿಡದಿಯ ಒಂದು ಫ್ಯಾಕ್ಟರಿಯವರು ಆಫೀಸರುಗಳನ್ನು ಕರೆತರಲು ಬಾಡಿಗೆ ಗಾಡಿ ಕೇಳಿದ್ದರು. ಗಾಡಿ ಹೊಸದೇ ಇರಬೇಕು, ಫೆಬ್ರವರಿ ಒಂದರಿಂದ ಓಡಬೇಕು ಎಂಬ ಕರಾರು. ಅವನು ಹಳೆ ಕೆಲಸ ಬಿಟ್ಟು, ನಮ್ಮಲ್ಲಿ ಬಿಳಿ ಕಾರು ಬುಕ್ ಮಾಡಿದ. ಹೆಂಡತಿ ಪುಟ್ಟತಾಯಮ್ಮ ಬುಕ್ಕಿಂಗಿನ ದಿನವೇ ಶೋರೂಮಿನ ಕಾರಿನ ಸೀಟನ್ನು ಒತ್ತಿ ನೋಡಿ, "ಇದ್ರಾಗೆ ಕುಂತ್ರೆ ನಿದ್ದೆ ಬತ್ತದೆ ಕಣಕ್ಕ, ಇವ್ನು ಓಡುಸ್ತಾನೋ ಮಲಗ್ತಾನೋ" ಎಂದು ನಕ್ಕಿದ್ದಳು.

ಡಿಸೆಂಬರ್ ಕೊನೆಯಲ್ಲಿ ಕಾರು ಬಂತು. ಶಿವಲಿಂಗಣ್ಣ ಓಡಿ ಬಂದ. ಬಾಗಿಲು ತೆಗೆದು ಮುಚ್ಚಿ, ಚಕ್ರ ಮುಟ್ಟಿ, ನನ್ನ ಕಡೆ ತಿರುಗಿದ.

"ಅಕ್ಕ, ಎಲ್ಡು ದಿವ್ಸದಾಗೆ ತಕಂಡೋಗ್ಬುಡ್ಲಾ?"

ಆಗ ನಾನು ಆಡಿದ ಮಾತು ಇವತ್ತಿಗೂ ನನಗೆ ನೆನಪಿದೆ. "ಧನುರ್ಮಾಸ ಕಣಣ್ಣ. ಶೂನ್ಯಮಾಸದಲ್ಲಿ ಯಾರಾದ್ರೂ ಹೊಸ ಗಾಡಿ ಮನೆಗೆ ತರ್ತಾರಾ? ಮೊದಲನೇ ಗಾಡಿ ಬೇರೆ. ಸಂಕ್ರಾಂತಿ ಆಗ್ಲಿ, ಎಳ್ಳು ಬೆಲ್ಲದ ಬಾಯಲ್ಲಿ ತಗೊಂಡೋಗು."

ನಮ್ಮ ಕಡೆ ಧನುರ್ಮಾಸದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಬೆಳಗಿನ ಜಾವ ದೇವರಿಗೆ ಹುಗ್ಗಿ ಮಾತ್ರ. ಅವನು ತಲೆ ಕೆರೆದುಕೊಂಡ. ಪುಟ್ಟತಾಯಮ್ಮ, "ಅಕ್ಕ ಹೇಳಿದ್ ಮೇಲೆ ಆಯ್ತು ಬುಡು" ಎಂದಳು. ಪೂಜೆ ಮಾಡುವವಳ ಮಾತಿಗೆ ಜನ ಎದುರಾಡುವುದಿಲ್ಲ. ಅದು ನನಗೆ ತಿಳಿದಿರಬೇಕಾಗಿತ್ತು.

ಅದಾದ ಮೂರನೇ ದಿನ ಮಾಗಡಿಯಿಂದ ಒಬ್ಬ ನಿವೃತ್ತ ಹೆಡ್‌ಮಾಸ್ಟರು ಬಂದರು. ಪಟ್ಟಿಯಲ್ಲಿ ಶಿವಲಿಂಗಣ್ಣನ ನಂತರದ ಹೆಸರು. ಅದೇ ಮಾದರಿ, ಅದೇ ಬಿಳಿ ಬಣ್ಣ. "ಇಲ್ಲಿ ನಿಂತಿದ್ಯಲ್ಲಮ್ಮ, ಕೊಟ್ಟುಬಿಡಿ" ಅಂದರು. ಧನುರ್ಮಾಸ ಅಂದೆ. "ಧನುರ್ಮಾಸ ಅಂತ ನಿಮ್ಮ ಸೂರ್ಯ ರಜಾ ಹಾಕಿದ್ದಾನಾ? ದಿನಾ ಹುಟ್ತಾ ಇಲ್ವಾ?" ಎಂದು ನಕ್ಕರು. ಸಂಕ್ರಾಂತಿಗೆ ಮುಂಚೆಯೇ ಇನ್ನೊಂದು ಲೋಡು ಬರುವುದಿತ್ತು. ಅದರಲ್ಲೂ ಬಿಳಿ ಕಾರು ಇತ್ತು. ಇದನ್ನು ಮೇಷ್ಟರಿಗೆ ಕೊಟ್ಟು ಅದನ್ನು ಶಿವಲಿಂಗಣ್ಣನಿಗೆ ಇಟ್ಟರಾಯಿತು, ಸುಮ್ಮನೆ ಬಿಸಿಲಿಗೆ ಯಾಕೆ ನಿಲ್ಲಬೇಕು ಎಂದುಕೊಂಡೆ. ಶಿವಲಿಂಗಣ್ಣನನ್ನು ಒಂದು ಮಾತು ಕೇಳಲಿಲ್ಲ. ಪುಸ್ತಕದಲ್ಲಿ ಎರಡು ಗೆರೆ ಎಳೆದು ಹೆಸರು ಬದಲಿಸಿದೆ. ಆ ಲೋಡು ಮೊದಲು ನಾಲ್ಕು ದಿನ ತಡ ಎಂದರು, ಆಮೇಲೆ ಹಬ್ಬ ಆದ ಮೇಲೆ ಎಂದರು. ಕೊನೆಗೆ ಬಂದದ್ದು ಭಾನುವಾರದ ಆ ಫೋನು.

ಸೋಮವಾರ ನಾನು ಮ್ಯಾನೇಜರ ಮುಂದೆ ನಿಂತೆ. "ಸಾರ್, ಮುಂದಿನ ವಾರ ಅಂತ ನಾನು ಹೇಳಲ್ಲ."

"ಮತ್ತೆ ಇನ್ನೇನು ಹೇಳ್ತೀರಿ?"

"ಗೊತ್ತಿಲ್ಲ ಅಂತೀನಿ. ಗೊತ್ತಾದಷ್ಟು ಹೇಳ್ತೀನಿ. ವಾರ ವಾರ ನಾನೇ ಫೋನ್ ಮಾಡಿ ಹೇಳ್ತೀನಿ."

"ಬುಕ್ಕಿಂಗ್ ಎಲ್ಲಾ ವಾಪಸ್ ತಗೊಂಡು ಹೋಗ್ತಾರೆ, ನೋಡ್ತಿರಿ" ಅಂದರು. ಬೇಡ ಎಂದು ಮಾತ್ರ ಅನ್ನಲಿಲ್ಲ.

ಶನಿವಾರ ಶನಿವಾರ ಬೆಳಿಗ್ಗೆ ಕೆಂಗಲ್ ಆಂಜನೇಯನ ದರ್ಶನ ಮಾಡಿಕೊಂಡು ಬರುವುದು ನನ್ನ ಹಳೆಯ ರೂಢಿ. ಅಲ್ಲಿಂದ ನೇರ ಶೋರೂಮಿಗೆ ಬಂದು, ಹಣೆಯ ಸಿಂಧೂರ ಆರುವುದರೊಳಗೆ ಹನ್ನೊಂದು ಜನಕ್ಕೂ ಫೋನು ಮಾಡತೊಡಗಿದೆ. ಸ್ವಾಮಿಯ ಮುಂದೆ ನಿಂತು ಬಂದ ಬಾಯಲ್ಲಿ ಸುಳ್ಳು ಸುಲಭಕ್ಕೆ ಬರುವುದಿಲ್ಲ. ಕೆಲವರ ಮನೆಯಲ್ಲಿ ಫೋನಿರಲಿಲ್ಲ. ಪಕ್ಕದ ಅಂಗಡಿಗೆ ಮಾಡಿ, ಕರೆಸಿ, ಕಾದು ಮಾತಾಡುತ್ತಿದ್ದೆ. ಹೇಳುವುದಕ್ಕೆ ಸುದ್ದಿ ಏನೂ ಇಲ್ಲದ ಶನಿವಾರವೂ ಮಾಡುತ್ತಿದ್ದೆ. "ಈ ವಾರವೂ ಏನಿಲ್ಲ" ಎನ್ನುವುದೂ ಒಂದು ಸುದ್ದಿಯೇ. ಕಾಯುವವರಿಗೆ ಕೋಪ ಬರುವುದು ತಡ ಆದದ್ದಕ್ಕಲ್ಲ, ತಮ್ಮನ್ನು ಮರೆತುಬಿಟ್ಟರಲ್ಲ ಎಂದು.

ಸಾತನೂರಿನ ಒಬ್ಬ ಗೌಡರು ಬೈದು ಬೈದು ಕೊನೆಗೆ ನಗುತ್ತಿದ್ದರು. "ಅಲ್ಲ ಕಣಮ್ಮ, ಬಿಡದೀಲೇ ಕಾರ್ ಫ್ಯಾಕ್ಟರಿ ಐತೆ. ಹತ್ತಾಳು ಕರ್ಕಂಡೋಗಿ ನಾವೇ ತಳ್ಕಂಡ್ ಬರಾನ ನಡಿ!" ಅದು ಬೇರೆ ಕಂಪನಿಯದು ಗೌಡ್ರೇ, ನಮ್ಮದು ಬೇರೆ ರಾಜ್ಯದಿಂದ ಬರಬೇಕು ಎಂದರೆ, "ಹಂಗಾರೆ ಪಕ್ಕದ ಮನೆ ಎಮ್ಮೆ ಬುಟ್ಟು ಊರಾಚೆ ಎಮ್ಮೆ ಹಾಲಿಗೆ ಕಾಯ್ತಾ ಕುಂತಿವ್ನಿ ಅನ್ನು" ಎನ್ನುವರು. ಹನ್ನೊಂದರಲ್ಲಿ ವಾಪಸ್ ಹೋದ ಹೆಸರು ಎರಡೇ. ಪಕ್ಕದ ಶೋರೂಮಿನವರು "ಮುಂದಿನ ವಾರ" ಹೇಳಿ ಹೇಳಿ ಅರ್ಧ ಪುಸ್ತಕ ಕಳೆದುಕೊಂಡರು. ಇದನ್ನು ಬರೆಯುವಾಗ ನನಗೆ ಒಸಿ ಹೆಮ್ಮೆ ಬರುತ್ತದೆ. ಬರಲಿ, ತಪ್ಪಲ್ಲ.

ಆದರೆ ಶಿವಲಿಂಗಣ್ಣನಿಗೆ ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅದಾಗಿರಲಿಲ್ಲ. ಮ್ಯಾನೇಜರ ಜೊತೆ ಮಾತಾಡಿದ ಆ ಸೋಮವಾರವೇ ಸಂಜೆ ಚನ್ನಪಟ್ಟಣಕ್ಕೆ ಹೋಗಿ, ಅಲ್ಲಿಂದ ಹೊಂಗನೂರಿನ ಬಸ್ಸು ಹತ್ತಿದೆ. ಅವರ ಮನೆ ಮುಂದೆ ಕಾರು ನಿಲ್ಲಿಸಲು ಜಾಗ ಮಾಡಿದ್ದರು. ಕಲ್ಲು ಕಿತ್ತು, ಮಣ್ಣು ದಿಮ್ಮಿಸಿ, ಸಗಣಿ ಸಾರಿಸಿ, ನಡುವೆ ಪುಟ್ಟತಾಯಮ್ಮ ರಂಗೋಲಿ ಬಿಟ್ಟಿದ್ದಳು. ಅದನ್ನು ತುಳಿಯದೆ ಸುತ್ತಿ ಹೋದೆ. ಜಗಲಿಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಮೇಷ್ಟರಿಗೆ ಕೊಟ್ಟದ್ದನ್ನೂ ಹೇಳಿದೆ.

ಶಿವಲಿಂಗಣ್ಣ ಎದ್ದು ಹೋಗಿ ಆ ರಂಗೋಲಿಯ ಪಕ್ಕ ನಿಂತ. ಆಮೇಲೆ, "ಒಂದನೇ ತಾರೀಕು ಗಾಡಿ ಗೇಟ್‌ನಾಗೆ ಇಲ್ದಿದ್ರೆ ಬೇರೆಯವ್ರಿಗೆ ಕೊಡ್ತಾರಂತೆ ಅಕ್ಕ," ಎಂದ. "ಹಳೆ ಸಾಹುಕಾರ್ರತ್ರ ಮತ್ತೆ ಹೋಗಿ ಕೀ ಕೊಡಿ ಅಂತ ನಿಂತ್ಕಳಕ್ಕೆ ಆಯ್ತದಾ?"

ಪುಟ್ಟತಾಯಮ್ಮ ಮಾತ್ರ ನೇರವಾಗಿ ಕೇಳಿದಳು. "ನಿಮ್ ಮಾತು ಕೇಳಿ ಬುಟ್ವಿ. ನಮ್ದು ಅಂತ ಒಂದ್ ಮಾತು ಕೇಳ್ಬಾರ್ದಾಗಿತ್ತಾ ಕೊಡಕ್ಕೆ ಮುಂಚೆ?"

ಕೇಳಬೇಕಾಗಿತ್ತು ಎಂದೆ. ಆದರೂ ಅವಳು ಮಜ್ಜಿಗೆ ತಂದುಕೊಟ್ಟಳು. ಆ ಲೋಟವನ್ನೂ ನಾನು ದೇವರ ಕರುಣೆಯ ಲೆಕ್ಕಕ್ಕೇ ಹಾಕುತ್ತೇನೆ. "ನಾಳೆ ಬೆಳಿಗ್ಗೆ ಹತ್ತಕ್ಕೆ ಬಿಡದಿಗೆ ಬಾ ಅಣ್ಣ," ಎಂದೆ. "ಗಾಡಿ ಕೇಳಿರೋ ಆಫೀಸರ್ ಹತ್ರ ನಾನೇ ಮಾತಾಡ್ತೀನಿ."

ಫ್ಯಾಕ್ಟರಿಯ ಆಫೀಸರು ಗಡಿಬಿಡಿಯ ಮನುಷ್ಯ. ನಿಂತೇ ಕೇಳಿಸಿಕೊಂಡರು. "ಗಾಡಿ ಲೇಟು ಅಂತ ಎಲ್ರೂ ಕಥೆ ಹೇಳ್ತಾರಮ್ಮ. ತಪ್ಪು ನಿಮ್ದು ಅಂತೀರಲ್ಲ, ಬರೆದು ಕೊಡ್ತೀರಾ?"

"ಕೊಡ್ತೀನಿ ಸಾರ್."

ವಾಪಸ್ ಬಂದು ಶೋರೂಮಿನ ಹೆಸರಿನ ಕಾಗದದ ಮೇಲೆ ಬರೆದೆ: ಈ ಗಿರಾಕಿಯ ಕಾರು ಸಮಯಕ್ಕೆ ಬಂದಿತ್ತು, ಧನುರ್ಮಾಸ ಕಳೆಯಲಿ ಎಂದು ತಡೆದವಳು ನಾನು, ಅವರನ್ನು ಕೇಳದೆ ಅದನ್ನು ಇನ್ನೊಬ್ಬರಿಗೆ ಕೊಟ್ಟವಳೂ ನಾನು, ಇನ್ನು ಬರುವ ಮೊದಲ ಬಿಳಿ ಕಾರು ಇವರದೇ. ಸಹಿ ಹಾಕಿ, ಮ್ಯಾನೇಜರ ಸಹಿಗೆ ಇಟ್ಟೆ.

ನಾಗರಾಜ್ ಸಾರು ಓದಿದರು. ಇನ್ನೊಂದು ಸಲ ಓದಿದರು. "ಕಂಪನಿ ಲೆಟರ್‌ಹೆಡ್ ಮೇಲೆ ಧನುರ್ಮಾಸ ಅಂತ ಯಾರಾದ್ರೂ ಬರೀತಾರೇನ್ರೀ?"

"ಆಗಿದ್ದು ಅದೇ ಅಲ್ವಾ ಸಾರ್."

"ಮೇಲಿನವರು ನೋಡಿದ್ರೆ ನಿಮ್ಮ ಕೆಲಸಾನೂ ಹೋಗತ್ತೆ, ನಂದೂ ಹೋಗತ್ತೆ." ಹೀಗೆ ಅನ್ನುತ್ತಲೇ ಪೆನ್ನು ಹುಡುಕಿದರು. ಸಹಿ ಹಾಕಿ, ಕಾಗದವನ್ನು ನನ್ನ ಕಡೆ ತಳ್ಳಿದರು.

ಆ ಕಾಗದ ಓದಿ ಫ್ಯಾಕ್ಟರಿಯ ಆಫೀಸರು ನಕ್ಕುಬಿಟ್ಟರಂತೆ. ಮಾರ್ಚ್ ಒಂದರವರೆಗೆ ಗಡುವು ಕೊಟ್ಟರು. ಅಲ್ಲಿಯತನಕ ಬೇರೆಯವರ ಗಾಡಿ ಬಾಡಿಗೆಗೆ ತಂದು ಓಡಿಸಬಹುದು. ಮಾರ್ಚ್ ಒಂದರ ಬೆಳಿಗ್ಗೆ ಆರು ಗಂಟೆಗೆ ಹೊಸ ಗಾಡಿ ಗೇಟಿನಲ್ಲಿ ಇರದಿದ್ದರೆ ಕರಾರು ರದ್ದು. ಶಿವಲಿಂಗಣ್ಣ ಚನ್ನಪಟ್ಟಣದ ಒಬ್ಬರ ಹಳೆ ಕಾರು ಹಿಡಿದು ಓಡಿಸತೊಡಗಿದ. ಬಂದ ದುಡ್ಡೆಲ್ಲ ಆ ಗಾಡಿಯವರಿಗೇ ಹೋಗುತ್ತಿತ್ತು. ಶನಿವಾರ ಫೋನು ಮಾಡಿದರೆ, ನಾನು ಹಲೋ ಅನ್ನುವ ಮುಂಚೆಯೇ ಅವನು, "ಏನಿಲ್ಲ ಅಲ್ವಾ ಅಕ್ಕ?" ಎಂದು ಕೇಳುತ್ತಿದ್ದ.

"ಏನಿಲ್ಲ ಕಣಣ್ಣ."

"ಆಗ್ಲಿ. ಮುಂದಿನ್ ಶನಿವಾರ ಮಾಡಿ."

ಫೆಬ್ರವರಿ ಮೂರನೇ ವಾರ ಟ್ರೇಲರ್ ಬಂತು. ಆ ಉದ್ದನೆಯ ಗಾಡಿ ಹೆದ್ದಾರಿಯಿಂದ ನಮ್ಮ ಕಡೆ ತಿರುಗಿದ್ದನ್ನು ನೋಡಿ ಶೋರೂಮಿನವರೆಲ್ಲ ಹೊರಗೆ ಓಡಿದರು. ನಮ್ಮ ಪಾಲಿಗೆ ಇಳಿದದ್ದು ಎರಡೇ ಕಾರು. ಒಂದು ಕೆಂಪು, ಒಂದು ಬಿಳಿ. ಬಿಳಿಯದು ಇಳಿಯುವಾಗ ನಾನು ಮನಸ್ಸಿನಲ್ಲೇ ಕೆಂಗಲ್ ಕಡೆಗೆ ಕೈ ಮುಗಿದೆ.

ಮಧ್ಯಾಹ್ನಕ್ಕೇ ಶೋರೂಮಿನ ಯಜಮಾನರಿಂದ ಫೋನು. ಅವರಿಗೆ ಬೇಕಾದ ದೊಡ್ಡ ಮನುಷ್ಯರೊಬ್ಬರ ಅಳಿಯನಿಗೆ ಆ ಬಿಳಿ ಕಾರು ಬೇಕಂತೆ. ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ನಾನು ನಾಗರಾಜ್ ಸಾರ್ ಅವರ ಮೇಜಿನ ಮುಂದೆಯೇ ನಿಂತಿದ್ದೆ. ಅವರು ನನ್ನ ಮುಖ ನೋಡಿದರು. ಆಮೇಲೆ ಫೋನಿನಲ್ಲಿ ಬಹಳ ಬೇಸರದ ದನಿ ಮಾಡಿ ಹೇಳಿದರು:

"ನಂಗೂ ಕೊಡೋಣ ಅಂತ್ಲೇ ಇತ್ತು ಸಾರ್. ಏನ್ಮಾಡೋದು, ಈ ಗಾಡಿ ಇಂಥವರಿಗೇ ಅಂತ ಫ್ಯಾಕ್ಟರಿಗೆ ಬರೆದು ಕೊಟ್ಟುಬಿಟ್ಟಿದೀವಿ. ನನ್ನ ಸಹಿ ಇದೆ. ಅವರು ಕಾಗದ ಇಟ್ಕೊಂಡು ಕೂತಿದಾರೆ. ನಾಳೆ ನಮ್ಮ ಹೆಸರೇ ಕೆಡತ್ತೆ."

ಫೋನು ಇಟ್ಟು, "ಧನುರ್ಮಾಸ ಉಪಯೋಗಕ್ಕೆ ಬಂತು ನೋಡಿ" ಅಂದರು. ಅಷ್ಟೇ. ನಾನು ಕಂಡ ಮೇಲಿನವರಲ್ಲಿ ಅವರನ್ನು ಮೊದಲು ನೆನೆಯುವುದು ಇದಕ್ಕೇ.

ನೋಂದಣಿ, ಪರ್ಮಿಟ್ಟು, ಹಳದಿ ನಂಬರ್ ಪ್ಲೇಟು ಎಂದು ಒಂದು ವಾರ ಹಿಡಿಯಿತು. ಎಲ್ಲ ಮುಗಿದು ಗಾಡಿ ಸಿದ್ಧವಾದದ್ದು ಗಡುವಿನ ಹಿಂದಿನ ದಿನ ಮಧ್ಯಾಹ್ನ. ಕ್ಯಾಲೆಂಡರ್ ನೋಡಿದೆ. ಶಿವರಾತ್ರಿಯ ಬೆನ್ನಿಗೆ ಬರುವ ಅಮಾವಾಸ್ಯೆ.

ಧನುರ್ಮಾಸವನ್ನು ಬೇಡ ಎಂದವಳಿಗೆ ದೇವರು ಅಮಾವಾಸ್ಯೆಯನ್ನೇ ತಂದು ಮುಂದಿಟ್ಟಿದ್ದ.

ಶಿವಲಿಂಗಣ್ಣ, ಪುಟ್ಟತಾಯಮ್ಮ ಇಬ್ಬರೂ ಬಂದರು. ನಾನು ಪೂಜೆ ಮಾಡಿದೆ, ಕರ್ಪೂರ ತಟ್ಟೆಯಲ್ಲೇ ಬೆಳಗಿದೆ. ಚಕ್ರಕ್ಕೆ ನಿಂಬೆಹಣ್ಣು ಇಟ್ಟೆ. ಅವನು ಕೀ ತೆಗೆದುಕೊಂಡು ಕೂತ. ಪುಟ್ಟತಾಯಮ್ಮ ಮಾತ್ರ ತೆರೆದ ಬಾಗಿಲ ಮುಂದೆ ನಿಂತೇ ಇದ್ದಳು.

"ಅಮಾಸೆ ದಿನ ಎಂಗಕ್ಕ ಕುಂತ್ಕಳದು?" ಎಂದು ಮೆಲ್ಲಗೆ ಕೇಳಿದಳು. "ನೀವೇ ಹೇಳಿ. ನೀವೇಳ್ದಂಗೆ ಮಾಡ್ತೀನಿ."

ಮತ್ತೆ ನನ್ನ ಮಾತಿಗೇ ಬಂದು ನಿಂತಿತು. ಏನು ಹೇಳಿದರೂ ಅವಳು ಕೇಳುವಳು, ಅದರ ಭಯ ಈ ಸಲ ನನಗಿತ್ತು. ಆದ್ದರಿಂದ ಏನೂ ಹೇಳಲಿಲ್ಲ. ಚಪ್ಪಲಿ ಬಿಟ್ಟು ನಾನೇ ಮೊದಲು ಹತ್ತಿ ಹಿಂದಿನ ಸೀಟಿನಲ್ಲಿ ಕೂತೆ, ಪಕ್ಕದ ಜಾಗ ತಟ್ಟಿ ತೋರಿಸಿದೆ. ಅವಳು ನನ್ನನ್ನು ನೋಡಿದಳು, ಗಂಡನ ಬೆನ್ನು ನೋಡಿದಳು, ಬಲಗಾಲು ಮುಂದಿಟ್ಟು ಹತ್ತಿದಳು.

"ಕೆಂಗಲ್ಲಿಗೆ ನಡಿ ಅಣ್ಣ," ಎಂದೆ.

ಗುಡಿಯ ಮುಂದೆ ಅರ್ಚಕರು ಕೈಯಲ್ಲಿ ತಟ್ಟೆ ಹಿಡಿದು ಬಂದರು. ನನ್ನನ್ನು ವಾರ ವಾರ ನೋಡುವವರು. "ಏನಮ್ಮ, ನೀವೇ ಅಮಾವಾಸ್ಯೆ ದಿನ ಹೊಸ ಗಾಡಿ ತಂದಿದೀರಿ?"

"ಸ್ವಾಮಿ ಇವತ್ತು ಬಾಗಿಲು ಹಾಕಿದಾನಾ ಗುರುಗಳೇ?"

"ಅವನು ಯಾಕೆ ಹಾಕ್ತಾನೆ. ಇವತ್ತು ಜಾಸ್ತಿ ಎಣ್ಣೆ, ಜಾಸ್ತಿ ಬೆಳಕು" ಎಂದು ನಕ್ಕು, ಗಾಡಿಯ ಮೂತಿಗೆ ದಪ್ಪಗೆ ಸಿಂಧೂರ ಬಳಿದರು. ಪುಟ್ಟತಾಯಮ್ಮನ ಹೆಗಲು ಆಗ ಸಡಿಲವಾಯಿತು. ವಾಪಸ್ ಬರುವಾಗ ಅವಳು ಸೀಟಿಗೆ ಒರಗಿ ನಿಜವಾಗಿಯೂ ಕಣ್ಣು ಮುಚ್ಚಿದಳು. ಗಂಡ ಕನ್ನಡಿಯಲ್ಲಿ ನೋಡಿ, "ನೋಡಕ್ಕ, ಬುಕ್ಕಿಂಗ್ ದಿನ ಹೇಳಿದ್ಲಲ್ಲ, ಹಂಗೇ ಮಾಡುದ್ಲು" ಎಂದ.

ನನ್ನನ್ನು ಮನೆ ಬಾಗಿಲಿಗೆ ಇಳಿಸಿ, "ನಾಳೆ ಆರಕ್ಕೆ ಗೇಟ್ ಒಳಗೆ ಹೋದ್ಮೇಲೆ ಒಂದು ಮಿಸ್ಡ್ ಕಾಲ್ ಕೊಡ್ತೀನಿ. ಎತ್ತಬೇಡಿ, ಒಂದೇ ಸಲ ಹೊಡ್ಕಂಡ್ರೆ ಒಳಗೋದೆ ಅಂತ ತಿಳ್ಕಳಿ" ಎಂದು ಹೇಳಿ ಹೋದ.

ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನಾನು ಹೇಳುವುದು ಇಷ್ಟು. ನಿಮ್ಮ ದೇವರು, ನಿಮ್ಮ ಪಂಚಾಂಗ ನಿಮ್ಮ ಹತ್ತಿರ ಇರಲಿ. ನಾನೂ ಒಂದು ಶನಿವಾರ ತಪ್ಪಿಸಿದವಳಲ್ಲ. ಆದರೆ ಕಾಯುವವರ ದಿನವನ್ನು ಅವರೇ ಎಣಿಸಲಿ. ಈಗ ಪುಸ್ತಕ ಹೋಗಿ ಕಂಪ್ಯೂಟರ್ ಬಂದಿದೆ, ಕಾರು ಎಲ್ಲಿದೆ ಎನ್ನುವುದು ಪರದೆಯ ಮೇಲೆ ಕಾಣುತ್ತದಂತೆ. ಒಳ್ಳೆಯದು. ಶನಿವಾರದ ಫೋನು ಮಾತ್ರ ಬಿಡಬೇಡಿ. ನಾನು ಕೆಲಸ ಬಿಡುವ ದಿನ ಬುಕ್ಕಿಂಗ್ ಪುಸ್ತಕದಲ್ಲಿ ಎರಡು ಗೆರೆ ಎಳೆದು ಬದಲಿಸಿದ ಹೆಸರು ಶಿವಲಿಂಗಣ್ಣನದೊಂದೇ ಇತ್ತು. ಅದಾದ ಮೇಲೆ ಅಂಥ ಗೆರೆ ನಾನು ಎಳೆಯಲಿಲ್ಲ, ಯಾರಿಗೂ ಎಳೆಯಲು ಬಿಡಲಿಲ್ಲ.

ಆ ಅಮಾವಾಸ್ಯೆಯ ಮರುದಿನ ಐದಕ್ಕೇ ಎದ್ದೆ. ಆ ವರ್ಷದ ಕೊನೆಯ ಅವರೆ, ಹಿಂದಿನ ದಿನ ನೆನೆಹಾಕಿದ್ದು ಹಾಗೇ ಇತ್ತು. ದೇವರಿಗೆ ದೀಪ ಹಚ್ಚಿ, ಅಡುಗೆಮನೆಯ ನೆಲದ ಮೇಲೆ ಕೂತು ಹಿದುಕತೊಡಗಿದೆ. ಯಜಮಾನರು ಎದ್ದು ಬಂದು ಗಡಿಯಾರ ನೋಡಿದರು, ಎದುರಿಗೆ ಕೂತು ತಾವೂ ಒಂದು ಹಿಡಿ ಕಾಳು ತೆಗೆದುಕೊಂಡರು. ಆರು ಹೊಡೆಯಿತು. ಆರು ದಾಟಿತು.

ನಡುಮನೆಯಲ್ಲಿ ಫೋನು ಒಂದು ಸಲ ಹೊಡೆದುಕೊಂಡು ನಿಂತಿತು.

ಯಜಮಾನರು ಏಳಲು ಹೋದರು. "ಬಿಡಿ, ಅದು ಎತ್ತೋ ಫೋನಲ್ಲ" ಎಂದು, ಮುಂದಿನ ಕಾಳು ಕೈಗೆ ತೆಗೆದುಕೊಂಡೆ.